ಹದಿಮೂರನೆಯ ತಿಂಗಳ ಖರ್ಚು

ಮೊನ್ನೆ ಪತ್ರಿಕೆಯ ಹೆಂಗಸರ ಪುಟದಲ್ಲಿ, ಮನೆಯ ಬಜೆಟ್ಟನ್ನು ಆರಂಭಿಸುವುದು ಹೇಗೆ ಎಂದು ಯಾರೋ ಬರೆದಿದ್ದರು. ಮೊದಲು ಆದಾಯ ಬರೆಯಬೇಕಂತೆ, ಆಮೇಲೆ ಖರ್ಚು, ಉಳಿದದ್ದನ್ನು ಒಂದು ಗುರಿಗಾಗಿ ಎತ್ತಿಡಬೇಕಂತೆ. ಓದುತ್ತ ಓದುತ್ತ ನನಗೆ ಮೈಯೆಲ್ಲ ಉರಿಯಿತು. ಹಾಗೆ ಎತ್ತಿಟ್ಟದ್ದನ್ನು ಎತ್ತಿಕೊಂಡು ಹೋಗುವವರು ಮನೆಯೊಳಗೇ ಇರುತ್ತಾರೆ ಎಂಬುದು ಬರೆದ ಪುಣ್ಯಾತ್ಮನಿಗೆ ಗೊತ್ತಿರಲಿಕ್ಕಿಲ್ಲ. ಆ ಹಾಳೆಯನ್ನು ಹರಿದು ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದೆ. ನಾನೂ ಒಮ್ಮೆ ಬಜೆಟ್ಟು ಆರಂಭಿಸಿದವಳೇ. ಅದರ ಕಥೆಯನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಲು ಹೊರಟರೆ ದನಿ ಏರುತ್ತದೆ, ಕೇಳುವವರು ಎದ್ದು ಹೋಗುತ್ತಾರೆ. ಬರೆದರೆ ಆ ತೊಂದರೆಯಿಲ್ಲ.

ನಾವು ಧಾರವಾಡದ ಕಡೆಯವರು. ಮದುವೆಯಾಗಿ ನಾನು ಪುಣೆಗೆ ಬಂದಾಗ ನಮ್ಮವರು ಮಿಲಿಟರಿ ಲೆಕ್ಕದ ಕಚೇರಿಯಲ್ಲಿ ಕಾರಕೂನರಾಗಿದ್ದರು. ಶನಿವಾರ ಪೇಟೆಯಲ್ಲಿ ಹಲವು ಬಿಡಾರಗಳಿದ್ದ ಒಂದು ವಾಡೆಯಲ್ಲಿ, ಹಿಂದಿನ ಚೌಕದ ಮೇಲಂತಸ್ತಿನಲ್ಲಿ, ಎರಡು ಕೋಣೆ ಮತ್ತು ಹೊಗೆ ಹಿಡಿದ ಒಂದು ಅಡಿಗೆಮನೆ. ಇದ್ದವರು ನಾಲ್ಕೇ ಜನ: ನಮ್ಮವರು, ಅತ್ತೆಯವರು, ಅತ್ತೆಯವರ ತಂಗಿ, ನಾನು. ತಂಗಿಯನ್ನು ನಾವೆಲ್ಲ ಮೌಶಿ ಎಂದು ಕರೆಯುತ್ತಿದ್ದೆವು. ನಾದಿನಿಯನ್ನು ಭೋರಿನ ಒಬ್ಬ ವಕೀಲರಿಗೆ ಕೊಟ್ಟು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ.

ಮೌಶಿ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಅಕ್ಕನ ಮೊದಲ ಬಾಣಂತನ ಮಾಡಲೆಂದು ಈ ಮನೆಗೆ ಬಂದರಂತೆ. ಆಗ ಹುಟ್ಟಿದ ಕೂಸೇ ನಮ್ಮವರು. ಬಾಣಂತನ ಮುಗಿಯಿತು, ಕೂಸು ದೊಡ್ಡದಾಗಿ ಕಚೇರಿಗೆ ಹೋಗತೊಡಗಿತು, ಮೌಶಿ ಮಾತ್ರ ತಿರುಗಿ ಹೋಗಲಿಲ್ಲ. ಹೋಗಲು ಜಾಗವೂ ಇರಲಿಲ್ಲ. ತಲೆ ಬೋಳಿಸಿ, ಕೆಂಪು ಸೀರೆ ಉಟ್ಟು, ಒಪ್ಪತ್ತು ಊಟ ಮಾಡಿಕೊಂಡು, ಬೆಳಗಿನಿಂದ ಬೈಗಿನತನಕ ಆ ಮನೆಯ ಒಲೆಯ ಮುಂದೆ ಕೂತೇ ಆಯುಷ್ಯ ಕಳೆದರು.

ಯುದ್ಧ ನಡೆದಿದ್ದ ಕಾಲ. ದೀಪಾವಳಿ ಹತ್ತಿರ ಬಂದಿತ್ತು. ಒಂದು ದಿನ ಊಟಕ್ಕೆ ಕೂತ ನಮ್ಮವರ ಹಲ್ಲಿಗೆ ಅನ್ನದಲ್ಲಿ ಹರಳು ಸಿಕ್ಕಿತು. ಮುಂದಿನ ತುತ್ತಿಗೆ ಇನ್ನೊಂದು. ತಾಟು ಸರಿಸಿ ಎದ್ದವರು, “ಅಕ್ಕಿ ಆರಿಸೋರು ಯಾರು ಈ ಮನ್ಯಾಗ?” ಎಂದು ನನ್ನ ಕಡೆ ನೋಡಿ ಗುಡುಗಿದರು. ಆರಿಸುವವರು ಮೌಶಿ. ಅದನ್ನು ನಾನು ಹೇಳಲಿಲ್ಲ. ಮಧ್ಯಾಹ್ನ ಅಡಿಗೆಮನೆಗೆ ಹೋಗಿ ನೋಡಿದರೆ ಅವರು ಬಾಗಿಲ ಬೆಳಕಿಗೆ ಮೊರ ಇಟ್ಟುಕೊಂಡು, ಮುಖವನ್ನು ಬೇರೆ ಎತ್ತಲೋ ತಿರುಗಿಸಿ, ಬೆರಳಿನಿಂದ ಅಕ್ಕಿ ತಡಕುತ್ತಿದ್ದರು.

“ಮೌಶಿ, ನಿಮಗ ಕಾಣ್ತದೇನ್ರಿ?”

“ಕಾಣ್ತದವಾ. ಮಂಜಿನಾಗ ಕಂಡಂಗ ಕಾಣ್ತದ.”

“ಎಷ್ಟ ದಿನಾತ್ರಿ ಹಿಂಗಾಗಿ?”

“ಹ್ವಾದ ವರ್ಷದಿಂದ. ಹೇಳಿ ಏನ ಮಾಡೂದದ?”

ಮರುದಿನ ಅವರನ್ನು ಕೈಹಿಡಿದು ಪೇಟೆಯ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಮೋತಿಬಿಂದು, ಎಡಗಣ್ಣಿನದು ಪೂರಾ ಬಲಿತಿದೆ ಎಂದರು. ಮೀರಜಿನ ಆಸ್ಪತ್ರೆಯಲ್ಲಿ ಪೊರೆ ತೆಗೆಯುತ್ತಾರೆ, ಮುಂದಿನ ಮಳೆಗಾಲ ಹಿಡಿಯುವ ಮೊದಲು ಹೋಗಿ ಬನ್ನಿ, ಬಲಿತದ್ದನ್ನು ಹಾಗೇ ಬಿಟ್ಟರೆ ಕಣ್ಣು ಕೆಡುತ್ತದೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ನಾನು ಅದನ್ನು ಮನೆಗೆ ಬಂದು ಕನ್ನಡದಲ್ಲಿ ಅಷ್ಟೇ ಬಿಡಿಸಿ ಹೇಳಿದೆ. ಮುಂದೆ ಯಾರೂ ಗೊತ್ತಿರಲಿಲ್ಲ ಎನ್ನಬಾರದು ಎಂದೇ ಎಲ್ಲರನ್ನೂ ಕೂಡಿಸಿಕೊಂಡು ಹೇಳಿದೆ.

“ಮೀರಜಕ್ಕ ಹೋಗಿ ಬರೂದಂದ್ರ ಸಸಾರ ಏನು?” ಎಂದರು ನಮ್ಮವರು. “ಗಾಡಿ ಖರ್ಚು, ಇಬ್ಬರು ಅಲ್ಲಿ ಇರೂದು, ಆಮ್ಯಾಲ ಕಣ್ಣಿಗೆ ಚಾಳೀಸು. ರೊಕ್ಕ ಎಲ್ಲಿ ಅದ?”

“ಪಗಾರ ಎಲ್ಲಿ ಹೋಗ್ತದ ಅನ್ನೂದು ನೀವ ಹೇಳ್ರಿ.”

ಯಾವುದೋ ಪಲಟಣದ ಹೇಸರಗತ್ತೆಗಳಿಗೆ ಹಾಕಿದ ಹುಲ್ಲಿನ ಲೆಕ್ಕದಲ್ಲಿ ಒಂದು ಆಣೆ ಹೆಚ್ಚುಕಡಿಮೆಯಾದರೆ ಊಟದಲ್ಲಿ ರುಚಿ ಕಳೆದುಕೊಳ್ಳುವ ಮನುಷ್ಯ, ತನ್ನ ಪಗಾರ ತಿಂಗಳ ಕೊನೆಗೆ ಎಲ್ಲಿ ಮಾಯವಾಗುತ್ತದೆ ಎಂದು ಒಂದು ದಿನವೂ ಕೂತು ನೋಡಿರಲಿಲ್ಲ. ಪಗಾರ ಬಂದ ದಿನ ತಂದು ತಾಯಿಯ ಕೈಗೆ ಕೊಡುವುದು, ಬೇಕಾದಾಗ ತಾಯಿಯಿಂದ ಬೇಡುವುದು, ಇದು ಅವರ ಪದ್ಧತಿ. ನಾನು ಬೇಡುವುದು ಅವರಿಂದ. ಮೌಶಿ ಯಾರಿಂದಲೂ ಬೇಡುತ್ತಿರಲಿಲ್ಲ, ಹಾಗಾಗಿ ಅವರಿಗೆ ಏನೂ ಬೇಡ ಎಂದು ಎಲ್ಲರೂ ನಂಬಿದ್ದರು.

ಬಲಿಪಾಡ್ಯದ ದಿನ ವ್ಯಾಪಾರಸ್ಥರು ಹೊಸ ಲೆಕ್ಕ ಹಚ್ಚುತ್ತಾರಲ್ಲ, ನಾವೂ ಹಚ್ಚೋಣ ಎಂದು ಪಟ್ಟು ಹಿಡಿದೆ. ಅಭ್ಯಂಗಸ್ನಾನ ಮಾಡಿ, ಹಬ್ಬದ ಫರಾಳದ ತಿಂಡಿ ತಿಂದು, ಒಳ್ಳೆಯ ಮನಸ್ಸಿನಲ್ಲಿದ್ದ ನಮ್ಮವರು ಕಚೇರಿಯ ರೂಲು ತೆಗೆದು ದೊಡ್ಡ ಹಾಳೆಗೆ ಗೆರೆ ಹೊಡೆದರು. ಬಾಡಿಗೆ, ಕಿರಾಣಿ, ಹಾಲು, ಕಟ್ಟಿಗೆ ಎಂದು ಬಾಬತ್ತುಗಳು ಒಂದರ ಕೆಳಗೊಂದು ಇಳಿದವು. ಅತ್ತೆಯವರ ದಾನಧರ್ಮಕ್ಕೆ ಒಂದು ಬಾಬತ್ತು. ನಾದಿನಿಯ ಹಬ್ಬದ ಉಡುಗೊರೆಗೆ ಒಂದು. ನಮ್ಮವರು ಕಚೇರಿಯ ಗೆಳೆಯರೊಂದಿಗೆ ಕುಡಿಯುವ ಚಹಾಕ್ಕೆ ಸಹ ಒಂದು. ಅಕ್ಷರ ಮುತ್ತಿನಂಥವು, ಅದನ್ನು ಒಪ್ಪಬೇಕು.

“ಮೌಶಿದು ಎಲ್ಲಿ ಅದರಿ?” ಎಂದೆ.

“ಮೌಶಿಗೆ ಏನ ಖರ್ಚ ಅದ? ಪಾಪ, ಏನೂ ಬೇಡೂದಿಲ್ಲ ಆಕಿ.”

“ಹಂಗಾದ್ರ ಜಮಾ ಕಡೆ ಬರೀರಿ. ಅಡಿಗಿಗೆ ಒಬ್ಬಾಕಿನ್ನ ಇಟ್ರ ತಿಂಗಳಾ ಎಷ್ಟ ಕೊಡಬೇಕಾಗ್ತದ, ಅಷ್ಟ ಮೌಶಿ ಹೆಸರಿಲೆ ಜಮಾ ಹಿಡೀರಿ.”

ಅವರು ನಕ್ಕರು. ಮನೆಯವರ ಕೆಲಸವನ್ನು ಯಾರಾದರೂ ಜಮಾ ಹಿಡಿಯುತ್ತಾರೇನು ಎಂದು ತಾಯಿಯ ಕಡೆ ನೋಡಿ ನಕ್ಕರು. ಅತ್ತೆಯವರೂ ನಕ್ಕರು. ನನಗೆ ಆ ರೂಲನ್ನು ಕಸಿದುಕೊಂಡು ಚೌಕದಲ್ಲಿ ಎಸೆಯಬೇಕು ಎನ್ನಿಸಿತು. ಎಸೆಯಲಿಲ್ಲ. ಕಾಡಿ ಬೇಡಿ ಹಾಳೆಯ ಕಟ್ಟಕಡೆಗೆ ‘ಮೌಶಿಯ ಕಣ್ಣು’ ಎಂದು ಒಂದು ಸಾಲು ಬರೆಸಿದೆ. ವರ್ಷಕ್ಕೆ ಹನ್ನೆರಡು ತಿಂಗಳು ಹಿಡಿದು ಅವರು ಗುಣಿಸಿದರು, ಭಾಗಿಸಿದರು, ಕೂಡಿಸಿದರು. ಅಲ್ಲಲ್ಲಿ ಕೈ ಬಿಗಿಹಿಡಿದು ಖರ್ಚು ಮಾಡಿದರೆ ಅಕ್ಷಯ ತದಿಗೆಯ ಹೊತ್ತಿಗೆ ಮೀರಜಿಗೆ ಹೋಗುವಷ್ಟು ಕೂಡುತ್ತದೆ ಎಂದು ಲೆಕ್ಕ ಬಂತು.

ಬಾಬತ್ತಿಗೊಂದು ಡಬ್ಬಿ ಇಟ್ಟೆ. ಕಣ್ಣಿನ ಬಾಬತ್ತಿಗೆ ಒಂದು ಹಳೆಯ ಚಹಾದ ಡಬ್ಬಿ. ತಿಂಗಳಿಗೊಮ್ಮೆ ಅದರಲ್ಲಿ ರೊಕ್ಕ ಹಾಕುವಾಗ ಮೌಶಿಯನ್ನು ಕರೆದು ಅವರ ಕೈಯಿಂದಲೇ ಹಾಕಿಸುತ್ತಿದ್ದೆ. ಮೊದಲ ಸಲ ಅವರು ಕೈ ಹಿಂದೆ ತೆಗೆದುಕೊಂಡಿದ್ದರು. ತಮ್ಮದು ಎಂಬ ರೊಕ್ಕವನ್ನು ಅವರು ಮುಟ್ಟಿ ಎಷ್ಟು ಕಾಲವಾಗಿತ್ತೋ. ನಾಲ್ಕನೆಯ ತಿಂಗಳಿಗೆ ತಾವೇ, “ಪಗಾರ ಬಂತೇನವಾ?” ಎಂದು ಮೆಲ್ಲಗೆ ಕೇಳತೊಡಗಿದರು.

ಆ ಡಬ್ಬಿ ತುಂಬಲು ನಾನು ಏನೆಲ್ಲ ಮಾಡಿದೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಟಾಂಗಾ ಬಿಟ್ಟು ಎಲ್ಲ ಕಡೆ ನಡೆದೆ. ಬಿಬವೇವಾಡಿಯ ತೋಟಗಳ ಕಡೆಯಿಂದ ಕಾಯಿಪಲ್ಯ ತರುತ್ತಿದ್ದ ಹೆಂಗಸು ಮಾರಾಟ ಮುಗಿಸಿ ಮನೆಗೆ ಹೊರಡುವ ಹೊತ್ತಿಗೆ ಕಾಯ್ದು, ಬಾಡಿದ್ದನ್ನು ಅರ್ಧ ದರಕ್ಕೆ ಕೊಂಡೆ. ಕಿರಾಣಿ ಅಂಗಡಿಯವನೊಂದಿಗೆ ಜಗಳಾಡಿ ಜಗಳಾಡಿ ನನ್ನ ಮರಾಠಿ ಸುಧಾರಿಸಿತು. ಸಂಕ್ರಾಂತಿಯ ಅರಿಷಿಣ ಕುಂಕುಮಕ್ಕೆ ವಾಡೆಯ ಹೆಂಗಸರನ್ನು ಕರೆದಾಗ ಎಳ್ಳುಬೆಲ್ಲ ಚಿಟಿಕೆಯಷ್ಟೇ ಇತ್ತು ಎಂದು ಅವರು ಆಡಿಕೊಂಡರು. ಆಡಿಕೊಳ್ಳಲಿ ಬಿಡು ಎಂದು ಸುಮ್ಮನಾದೆ.

ಇದಕ್ಕೆಲ್ಲ ಕಲ್ಲು ಬಿದ್ದದ್ದು ಯುಗಾದಿಯ ದಿನ. ಬೇವುಬೆಲ್ಲ ತಿಂದು ಎಲ್ಲರೂ ಕೂತಿದ್ದೆವು. ಭಟ್ಟರು ಬಂದು ಹೊಸ ಪಂಚಾಂಗ ಬಿಚ್ಚಿ ವರ್ಷಫಲ ಓದುತ್ತ ಓದುತ್ತ, ಈ ವರ್ಷ ಜ್ಯೇಷ್ಠ ಅಧಿಕ ಎಂದರು.

ಅಧಿಕ ಎಂದರೆ ಪಂಚಾಂಗದ ವರ್ಷಕ್ಕೆ ಹದಿಮೂರು ತಿಂಗಳು. ನಮ್ಮ ಬಜೆಟ್ಟು ಹುಟ್ಟಿದ್ದು ದೀಪಾವಳಿಗೆ, ಹೊಸ ಪಂಚಾಂಗ ಬರುವುದು ಯುಗಾದಿಗೆ. ಇಂಗ್ಲಿಷ್ ತಿಂಗಳಿನ ಪಗಾರ ಎಣಿಸುವ ನಮ್ಮವರಿಗೆ ಮೂರು ವರ್ಷಕ್ಕೊಮ್ಮೆ ಬರುವ ಈ ತಿಂಗಳ ನೆನಪೇ ಆಗಿರಲಿಲ್ಲ. ನನಗೂ ಆಗಿರಲಿಲ್ಲ. ಅತ್ತೆಯವರಿಗೆ ನೆನಪಿತ್ತೋ ಇಲ್ಲವೋ ಇವತ್ತಿಗೂ ತಿಳಿಯದು. ವ್ರತಕ್ಕೆ ದಿನ ಎಣಿಸುವುದರಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಭಟ್ಟರ ಮಾತು ಕೇಳಿ ಅವರು ಬೆರಗಾಗಲಿಲ್ಲ ಎಂಬುದನ್ನಂತೂ ನಾನು ಕಣ್ಣಾರೆ ಕಂಡೆ.

“ನಮ್ಮ ಹುಡುಗಿ ಲಗ್ನಾದ ಮ್ಯಾಲ ಇದು ಮೊದಲನೇ ಅಧಿಕ,” ಎಂದರು. “ಅಳಿಯಂದಿರಿಗೆ ಬೆಳ್ಳಿ ದೀಪ ಕೊಡಬೇಕು. ಮೂವತ್ತಮೂರು ಅನಾರಸ, ಧೋತರ, ದಕ್ಷಿಣಿ.”

ನಮ್ಮ ಕಡೆ ಅದು ರೂಢಿ. ಅಧಿಕ ಮಾಸದಲ್ಲಿ ಅಳಿಯನನ್ನು ನಾರಾಯಣನೆಂದು ಭಾವಿಸಿ, ಕಜ್ಜಾಯದಂಥ ಅನಾರಸಗಳೊಂದಿಗೆ ದೀಪದಾನ ಮಾಡುವುದು. ಕೊಟ್ಟರೆ ಕೊಡಲಿ, ಹಿತ್ತಾಳೆಯದನ್ನು ಕೊಡಲಿ. ಯುದ್ಧ ಬಂದು ಬೆಳ್ಳಿಯ ದರ ಏರುತ್ತ ಹೊರಟಿತ್ತು. ನಾನು ನಮ್ಮವರ ಮುಖ ನೋಡಿದೆ. ಅವರು ಪಂಚಾಂಗ ನೋಡುತ್ತ, “ಹೆಂಗರ ಮಾಡೋಣ,” ಎಂದರು.

ಆ ‘ಹೆಂಗರ’ ಎಂದರೆ ಏನು ಎಂದು ನನಗೆ ಆಗಲೇ ಗೊತ್ತಾಯಿತು. ಮನೆಯಲ್ಲಿ ತುಂಬಿದ ಡಬ್ಬಿ ಇದ್ದದ್ದು ಒಂದೇ.

“ಅದು ಮೌಶಿ ಕಣ್ಣಿನ ರೊಕ್ಕರಿ,” ಎಂದೆ. ಭಟ್ಟರು ಇನ್ನೂ ಕೂತಿದ್ದರು. ಪರವಾ ಮಾಡಲಿಲ್ಲ. “ಮಳಿಗಾಲಕ್ಕ ಮೊದಲ ಹೋಗಬೇಕಂತ ಡಾಕ್ಟರ ಹೇಳ್ಯಾರ. ಎಲ್ಲಾರೂ ಕೇಳೀರಿ.”

“ಕಣ್ಣ ಎಲ್ಲಿ ಓಡಿ ಹೋಗ್ತಾವ?” ಎಂದರು ಅತ್ತೆಯವರು. “ಮುಂದಿನ ವರ್ಷ ತೆಗಿಸಿದ್ರಾತು. ಅಧಿಕ ಮುಂದಿನ ವರ್ಷ ಬರೂದಿಲ್ಲ.”

ಎಷ್ಟು ಸರಾಗವಾಗಿ ಅಂದರು. ಒಡಹುಟ್ಟಿದ ತಂಗಿಯ ಕಣ್ಣು. ಅಷ್ಟರಲ್ಲಿ ಅಡಿಗೆಮನೆಯಿಂದ ಮೌಶಿಯ ದನಿ ಬಂತು. “ಕೊಡ್ರಿ, ಕೊಡ್ರಿ. ನನಗೇನ ಅವಸರ ಅದ.” ಆ ಕ್ಷಣ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಮೌಶಿಯ ಮೇಲೆ. ನಾನು ಯಾರಿಗಾಗಿ ಭಟ್ಟರ ಮುಂದೆ ಬಾಯಿ ಮಾಡಿ ಗಯ್ಯಾಳಿ ಎನ್ನಿಸಿಕೊಂಡೆನೋ ಅವರೇ ನನ್ನ ಕಾಲ ಕೆಳಗಿನ ಹಲಗೆ ಎಳೆದುಬಿಟ್ಟರು. ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ.

ಅಧಿಕದಲ್ಲಿ ಬೆಳ್ಳಿ ಬಂಗಾರ ಕೊಳ್ಳಬಾರದು, ಮೊದಲೇ ತಂದಿಡಬೇಕು ಎಂದು ಅಕ್ಷಯ ತದಿಗೆಯ ದಿನವೇ ನಮ್ಮವರು ಸರಾಫರ ಅಂಗಡಿಗೆ ಹೋದರು. ಮೀರಜಿನ ಗಾಡಿ ಹತ್ತಬೇಕಾದ ಹೊತ್ತಿಗೆ ದೀಪ ಬಂತು. ಸಂಜೆ ಅವರು ಹಾಳೆ ತೆಗೆದು, ಅಧಿಕ ಮಾಸ ಎಂದು ಹೊಸ ಬಾಬತ್ತು ಬರೆದು, ಅದರ ಮುಂದೆ, ಮೌಶಿಯ ಕಣ್ಣಿನ ಬಾಬತ್ತಿನಿಂದ ವರ್ಗ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ಕೂಡಿಸಿ ನೋಡಿ, “ಪೈಸಾಕ್ಕ ಪೈಸಾ ಹೊಂದ್ತು ನೋಡು,” ಎಂದು ನನಗೆ ತೋರಿಸಿದರು. ನಾನು ಸಮಾಧಾನ ಪಡುತ್ತೇನೆ ಎಂದು ಆ ಮನುಷ್ಯ ನಿಜವಾಗಿ ನಂಬಿದ್ದರು. ಅವರು ಕೆಟ್ಟವರಲ್ಲ. ಇಷ್ಟು ವರ್ಷದ ಮೇಲೂ ನನ್ನನ್ನು ಸುಡುವುದು ಅದೇ. ಕೆಟ್ಟವರಾಗಿದ್ದರೆ ಬೈದು ಕೈ ತೊಳೆದುಕೊಳ್ಳುತ್ತಿದ್ದೆ.

ಅನಾರಸ ಮಾಡಿದವರು ಮೌಶಿಯೇ. ಬೇರೆ ಯಾರು ಮಾಡಬೇಕು? ಅಕ್ಕಿಯನ್ನು ಮೂರು ದಿನ ನೆನೆಹಾಕಿ, ಒಣಗಿಸಿ ಕುಟ್ಟಿ, ಬೆಲ್ಲ ಕೂಡಿಸಿ, ಗಸಗಸೆಯ ಮೇಲೆ ತಟ್ಟಿ, ತುಪ್ಪದಲ್ಲಿ ಕರಿಯಬೇಕು. ಹದ ಸ್ವಲ್ಪ ತಪ್ಪಿದರೆ ಬಾಣಲೆಯಲ್ಲಿ ಚೆದುರಿ ಹೋಗುತ್ತದೆ. ಕುದಿಯುವ ತುಪ್ಪದ ಮುಂದೆ ಅವರನ್ನು ಒಬ್ಬರನ್ನೇ ಬಿಡಬಾರದು ಎಂದು ನಾನು ಪಕ್ಕದಲ್ಲಿ ಕೂತೆ. ಬಾಣಲೆ ಎಲ್ಲಿದೆ ಎಂದು ಬಿಸಿಯಿಂದ ತಿಳಿದುಕೊಳ್ಳುತ್ತಿದ್ದರು. ಬೆರಳು ಎರಡು ಸಲ ಸುಟ್ಟಿತು. ನನಗೆ ಸಿಟ್ಟಿನಿಂದ ಅಳು ಬಂತು. ಅವರು, ಹೊಗೆ ಭಾಳ ಆತೇನವಾ ಎಂದು ಕೇಳಿದರು.

ನಾದಿನಿಯೂ ಅವಳ ಗಂಡನೂ ಭೋರಿನಿಂದ ಸರ್ವಿಸ್ ಮೋಟಾರಿನಲ್ಲಿ ಬಂದರು. ಮಣೆ ಹಾಕಿ, ರಂಗೋಲಿ ಬರೆದು, ಅಳಿಯಂದಿರನ್ನು ಕೂಡಿಸಿ ಆರತಿ ಮಾಡಿದರು. ಹೊಸ ದೀಪ ಹಚ್ಚಿ ತಟ್ಟೆಯಲ್ಲಿಟ್ಟು, ಸುತ್ತ ಅನಾರಸ ಜೋಡಿಸಿ ಕೊಟ್ಟರು. ವಿಧವೆ ಎದುರಿಗೆ ಬರಬಾರದು ಎಂದು ಮೌಶಿ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತಿದ್ದರು. ವಕೀಲರು ಒಳ್ಳೆಯ ಮನುಷ್ಯ, ಅವರಿಗೆ ಯಾವುದೂ ಗೊತ್ತಿರಲಿಲ್ಲ. ಅನಾರಸ ಬಾಯಿಗಿಟ್ಟುಕೊಂಡು, “ಎಷ್ಟ ಹಗುರ ಆಗ್ಯಾವರಿ, ಯಾರ ಮಾಡ್ಯಾರ?” ಎಂದರು. ಅತ್ತೆಯವರು, “ಮನ್ಯಾಗ ಮಾಡಿದ್ದು,” ಎಂದರು.

ಆ ಮಳೆಗಾಲದಲ್ಲಿ ಊರೆಲ್ಲ ಚಲೇಜಾವ್ ಚಳವಳಿಯ ಗಲಾಟೆ. ಒಂದು ದಿನ ಅಂಗಡಿ ತೆರೆದರೆ ಎರಡು ದಿನ ಮುಚ್ಚಿರುತ್ತಿತ್ತು. ಅಂಥದರಲ್ಲಿ ಮೌಶಿಯ ಎಡಗಣ್ಣು ಕೆಂಡದಂತೆ ಕೆಂಪಾಯಿತು. ತಲೆನೋವು, ವಾಂತಿ. ಗೋಡೆಗೆ ತಲೆ ಒತ್ತಿಕೊಂಡು ಕೂತಿರುತ್ತಿದ್ದರು, ಒಂದು ಸಲವೂ ಕೂಗಿಕೊಳ್ಳಲಿಲ್ಲ. ಅತ್ತೆಯವರು ಗುಲಾಬಿ ನೀರು ಹಾಕಿದರು. ಪೇಟೆಯ ಡಾಕ್ಟರರು ಬಂದು ನೋಡಿ, ನನ್ನ ಕಡೆ ತಿರುಗಿ, ಇನ್ನೂ ಹೋಗಿಲ್ಲವೇ ಎಂದು ಕೇಳಿದರು. ನಾನು ನಮ್ಮವರ ಕಡೆ ಕೈ ತೋರಿಸಿ, ಇವರನ್ನು ಕೇಳಿರಿ ಎಂದೆ. ನಮ್ಮವರು ಮರುದಿನವೇ ಕಚೇರಿಯ ಪತ್ತಿನ ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿದರು. ಸಾಲ ಕೈಗೆ ಬರಲು, ರೈಲು ಸುರಳಿತವಾಗಿ ಓಡಲು ಮಳೆಗಾಲ ಕಳೆಯಿತು.

ಮೀರಜಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರರು ಎಡಗಣ್ಣಿನ ಮುಂದೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಅದು ಹೋಗಿದೆ, ಬೇಸಿಗೆಯಲ್ಲಿ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಬಲಗಣ್ಣಿನ ಪೊರೆ ತೆಗೆದರು. ಕಣ್ಣಿಗೆ ಪಟ್ಟಿ ಕಟ್ಟಿ ಅಲುಗಾಡದೆ ಮಲಗಿಸಿದ್ದ ದಿನಗಳಲ್ಲಿ ನಾನು ಅವರಿಗೆ ಗಂಜಿ ಕುಡಿಸುತ್ತ, ಎಡಗಣ್ಣಿನ ಸುದ್ದಿ ಹೇಳಿದೆ. ಬಾಯೊಳಗಿನ ಗಂಜಿ ನುಂಗಿ, “ಆ ದೀಪ ನಾ ನೋಡೇ ಇಲ್ಲ,” ಎಂದರು. ಅಲ್ಲಿರುವತನಕ ಮತ್ತೆ ಆ ಮಾತು ಎತ್ತಲಿಲ್ಲ.

ಪುಣೆಗೆ ತಿರುಗಿ ಬಂದ ಮೇಲೆ, ದಪ್ಪ ಗಾಜಿನ ಚಾಳೀಸು ಹಾಕಿಕೊಂಡು ಅವರು ಮತ್ತೆ ಒಲೆಯ ಮುಂದೆ ಕೂತರು. ಸಂಕ್ರಾಂತಿಗೆ ನಾದಿನಿ ಬರುವವಳಿದ್ದಳು. ನಾನು ಅವಳಿಗೆ ಕಾಗದ ಬರೆಯುತ್ತಿದ್ದಾಗ ಮೌಶಿ, “ಬರೂ ಮುಂದ ಆ ದೀಪ ತಗೊಂಡ ಬಾ ಅಂತ ಬರಿಯವಾ,” ಎಂದರು. ಅತ್ತೆಯವರು ಪಕ್ಕದಲ್ಲೇ ಕುಸುರೆಳ್ಳು ಮಾಡುತ್ತ ಕೂತಿದ್ದರು. ಅವರ ಕೈ ನಿಂತಿತು. ನಾನು ಮೌಶಿ ಹೇಳಿದ್ದನ್ನು ಹೇಳಿದಂತೆ ಬರೆದೆ.

ನಾದಿನಿ ತಂದಳು. ರೇಶಿಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು, ಕೊಟ್ಟ ದಿನದಿಂದ ಒಮ್ಮೆಯೂ ಹಚ್ಚಿರಲಿಲ್ಲ. ಬತ್ತಿ ಸುಟ್ಟು ಕಪ್ಪಾಗುತ್ತದೆ ಎಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಳಂತೆ. ಮೌಶಿ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕಿಟಕಿಯ ಹತ್ತಿರ ಹೋದರು. ಬಲಗಣ್ಣಿನ ಹತ್ತಿರ ಹಿಡಿದು, ಮೇಲೆ ಕೆಳಗೆ ತಿರುಗಿಸಿ ನೋಡಿದರು. ಅವರು ಅಷ್ಟೊಂದು ಹೊತ್ತು ಯಾವುದನ್ನಾದರೂ ಕೈಯಲ್ಲಿ ಹಿಡಿದು ಸುಮ್ಮನೆ ನಿಂತದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ನಮ್ಮವರು ಕಚೇರಿಗೆ ಹೊರಟವರು ಹೊಸ್ತಿಲಲ್ಲೇ ನಿಂತಿದ್ದರು.

“ಇಷ್ಟೇ ಏನು?” ಎಂದರು ಮೌಶಿ.

ಅವರು ಕೇಳಿದ್ದು ಯಾರ ಮೇಲೂ ಹರಿಹಾಯಲಿಕ್ಕಲ್ಲ, ಇನ್ನೂ ದೊಡ್ಡದಿರಬಹುದು ಎಂದು ಅವರು ನಿಜವಾಗಿ ಅಂದುಕೊಂಡಿದ್ದರು. ನಾದಿನಿ ಅಳುತ್ತ, ಇದು ಇಲ್ಲೇ ಇರಲಿ ಮೌಶಿ, ನನಗೆ ಬೇಡ ಎಂದಳು. ಮೌಶಿ ಅದನ್ನು ರೇಶಿಮೆ ಬಟ್ಟೆಯಲ್ಲಿ ಮೊದಲಿನಂತೆ ಸುತ್ತಿ ಅವಳ ಕೈಯಲ್ಲಿಟ್ಟು, “ಒಯ್ಯಿ. ಆದ್ರ ಹಚ್ಚು. ಪೆಟಿಗ್ಯಾಗ ಇಟ್ಟ ಕೂಡಬ್ಯಾಡ,” ಎಂದರು.

ಆಮೇಲೆ ಅವರು ಅಡಿಗೆಮನೆಗೆ ಹೋಗಲಿಲ್ಲ. ಕಿಟಕಿಯ ಹತ್ತಿರವೇ ಕೂತು ಚೌಕದಲ್ಲಿ ಓಡಾಡುವವರನ್ನು ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ ಅತ್ತೆಯವರು ಎದ್ದು, ಸೆರಗು ಬಿಗಿದು, ಮೊರದಲ್ಲಿ ಅಕ್ಕಿ ಹಾಕಿಕೊಂಡು ಆರಿಸತೊಡಗಿದರು. ನಾನು ಸಹಾಯಕ್ಕೆ ಹೋಗಲಿಲ್ಲ.